ಉತ್ತರದಿಂದ ಬಂದ ಬಿಸಿಲು

ಅವನಿಗೆ ಬಿಸಿಲಪ್ಪ ಎಂದು ಹೆಸರಿಟ್ಟದ್ದು ಬೀದಿಯವರು. ಎದುರಿಗೆ ಸಿಕ್ಕವರನ್ನು ಲೋಕವೆಲ್ಲ ಊಟ ಆಯಿತೇ ಎಂದು ಕೇಳಿದರೆ ಇವನು, "ನಿಮ್ ಕಡೆ ಬಿಸಿಲಿದ್ಯಾ?" ಎಂದು ಕೇಳುತ್ತಿದ್ದ. ಇದರಲ್ಲಿ ತಮಾಷೆಯೇನೂ ಇರಲಿಲ್ಲ. ಊರ ನಟ್ಟನಡುವೆ, ಮೂರಂತಸ್ತಿನ ಹಳೆಯ ಕಟ್ಟಡವೊಂದರ ತಾರಸಿಯ ಮೇಲೆ ಅವನ ಲಾಂಡ್ರಿ. ಎರಡು ಲಾಡ್ಜು, ಒಂದು ನರ್ಸಿಂಗ್ ಹೋಮಿನ ಬೆಡ್‌ಶೀಟುಗಳು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು, ಇಸ್ತ್ರಿಯಾಗಿ ಸಂಜೆ ಐದಕ್ಕೆ ವ್ಯಾನು ಹತ್ತಬೇಕು. ಒಗೆಯುವುದು ಬಿಸಿಲಪ್ಪ. ತಾರಸಿಯ ಮೂಲೆಯ ಕೋಣೆಯಲ್ಲಿ ಇಸ್ತ್ರಿ ಮಾಡುವುದು ಅವನ ಅಕ್ಕ. ಇಬ್ಬರ ವಾಸವೂ ಅಲ್ಲೇ. ಅವಳ ಗಂಡ ಬೇಗ ತೀರಿಕೊಂಡ, ಇವನು ಮದುವೆಯ ಗೋಜಿಗೇ ಹೋಗಲಿಲ್ಲ. ಮೂವತ್ತು ವರ್ಷ ಹೀಗೇ ನಡೆದಿತ್ತು. ಇಬ್ಬರ ನಡುವೆ ಒಣಗಿಸುವ ಕೆಲಸ ಮಾತ್ರ ಸೂರ್ಯನ ಪಾಲಿಗೆ.

ಮೊದಲು ಪೂರ್ವಕ್ಕೆ ಬ್ಯಾಂಕಿನವರು ಮೂವತ್ತೆಂಟು ಅಂತಸ್ತು ಎಬ್ಬಿಸಿದರು. ಬೆಳಗಿನ ಬಿಸಿಲು ಹೋಯಿತು. ಆಮೇಲೆ ದಕ್ಷಿಣಕ್ಕೆ ಫ್ಲಾಟುಗಳು ಎದ್ದವು, ಮಧ್ಯಾಹ್ನದ್ದೂ ಹೋಯಿತು. ಪಶ್ಚಿಮಕ್ಕೆ ಯಾವುದೋ ಆಫೀಸು ಬೆಳೆಯಿತು. ಉಳಿದದ್ದನ್ನು ಅದು ಗುಡಿಸಿಕೊಂಡು ಹೋಯಿತು. ಪೇಪರಿನವರು ನಗರದ ಚಹರೆಯೇ ಬದಲಾಯಿತೆಂದು ಕಾಲು ಪುಟದ ಬಣ್ಣದ ಫೋಟೊ ಹಾಕಿದರು. ಅದರಲ್ಲಿ ಬಿಸಿಲಪ್ಪನ ತಾರಸಿಯೂ ಇತ್ತು, ಕೆಳಗೆ ಕಪ್ಪಗೆ ಕಾಣುತ್ತಿದ್ದ ಜಾಗದಲ್ಲಿ. ಬ್ಯಾಂಕಿಗೂ ಫ್ಲಾಟುಗಳಿಗೂ ನಡುವಿನ ಸಂದಿಯಿಂದ ಹತ್ತೂಹತ್ತಕ್ಕೆ ನುಸುಳಿ ಹನ್ನೊಂದಕ್ಕೆ ಮಾಯವಾಗುವ ಬಿಸಿಲಿನಲ್ಲಿ ಅರ್ಧದಷ್ಟು ಶೀಟುಗಳೂ ಒಣಗುತ್ತಿರಲಿಲ್ಲ. ಲಾಡ್ಜಿನವರು ಒಂದೆರಡು ಸಲ ಮುಖ ಗಂಟಿಕ್ಕಿದರು. ಲಾಂಡ್ರಿ ಮುಚ್ಚುವ ಮಾತು ಅಕ್ಕತಮ್ಮಂದಿರ ನಡುವೆ ಬಂದೂ ಹೋಯಿತು.

ಉತ್ತರದಲ್ಲಿ ಪಾಯ ತೋಡಿದಾಗ ಬಿಸಿಲಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಅಲ್ಲಿಂದ ಯಾವತ್ತೂ ಬಿಸಿಲು ಬಂದದ್ದಿಲ್ಲ, ಹೋಗುವುದಕ್ಕೆ ಏನಿದೆ? ಆ ಕಟ್ಟಡ ಐವತ್ತು ಅಂತಸ್ತು ಏರಿತು, ಮೈತುಂಬ ಗಾಜು ಹೊದ್ದುಕೊಂಡಿತು. ಒಂದು ದಿನ ಒಂದೂ ನಲವತ್ತಕ್ಕೆ ಅವನು ಬಕೆಟ್ಟಿನ ನೀರು ಚೆಲ್ಲುತ್ತಿದ್ದಾಗ ಅವನ ನೆರಳು ಉಲ್ಟಾ ದಿಕ್ಕಿಗೆ ಬಿದ್ದಿತ್ತು. ತಲೆ ಎತ್ತಿದ. ಉತ್ತರದ ಗಾಜಿನೊಳಗಿನಿಂದ ಇನ್ನೊಬ್ಬ ಸೂರ್ಯ ತಾರಸಿಯನ್ನು ಬೇಯಿಸುತ್ತಿದ್ದ. ಮೂರರವರೆಗೂ ಅದು ಅಲುಗಲಿಲ್ಲ. ಬಿಸಿಲಪ್ಪ ಹಗ್ಗಗಳನ್ನೆಲ್ಲ ಬಿಚ್ಚಿ ಆ ಕಡೆಗೆ ಕಟ್ಟಿದ. ಕಿತ್ತುಕೊಂಡವರು ಮೂವರು, ಕೊಟ್ಟವನೊಬ್ಬ. ಕೊಟ್ಟವನಿಗೆ ತಾನು ಕೊಟ್ಟದ್ದೇ ಗೊತ್ತಿಲ್ಲ. ಇಂಥ ಉಪಕಾರಿ ಸಿಗುವುದು ಅಪರೂಪ.

ಎರಡು ವರ್ಷ ಲಾಂಡ್ರಿ ಚೆನ್ನಾಗಿ ನಡೆಯಿತು. ಆ ನಡುವೆ ಅಕ್ಕ ಒಂದು ಕರಿ ಕನ್ನಡಕ ಕೊಂಡಳು. ಮಲಗುವಾಗ ಮಾತ್ರ ತೆಗೆಯುತ್ತಿದ್ದಳು. "ಡಾಕ್ಟ್ರು ಹೇಳಿದಾರೆ" ಅಂದಳು. ಯಾವ ಡಾಕ್ಟ್ರು ಎಂದು ಬಿಸಿಲಪ್ಪ ಕೇಳಲಿಲ್ಲ. ಈ ವಯಸ್ಸಿನಲ್ಲಿ ಶೋಕಿಯಾದರೆ ಆಗಲಿ ಎಂದುಕೊಂಡ.

ಬೀದಿಯವರಿಗೆ ಮಾತ್ರ ಆ ಬಿಸಿಲು ಆಗಿಬರಲಿಲ್ಲ. ಬೇಕರಿಯವನ ಕೇಕು ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಬಗ್ಗಿ ನಮಸ್ಕಾರ ಮಾಡುತ್ತಿತ್ತು. ನಿಲ್ಲಿಸಿದ ಸ್ಕೂಟರುಗಳ ಸೀಟು ಬಿರುಕು ಬಿಟ್ಟವು. ದೂರು ಹೋಯಿತು. ನಗರಸಭೆಯ ಇಂಜಿನಿಯರ್ ಒಂದು ಫಾರಂ ಹಿಡಿದು ಬಂದರು. ಸುತ್ತಲಿನ ಹದಿಮೂರು ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತೊಂದರೆ ಇದೆ ಎಂದರೆ, ಕಟ್ಟಡದವರು ಗಾಜಿಗೆಲ್ಲ ಮಂಕು ಹಾಳೆ ಅಂಟಿಸಬೇಕು. ಆರು ಮನೆಯವರು ಇದೆ ಎಂದಿದ್ದರು, ಆರು ಮನೆಯವರು ಇಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಇಂಜಿನಿಯರ್ ಹದಿಮೂರನೆಯ ಮನೆಗೆ ಬಂದಾಗ ಎರಡು ಗಂಟೆ.

"ನಮಗೇನೂ ತೊಂದ್ರೆ ಇಲ್ಲ ಸಾರ್" ಎಂದು ಅವರು ಕೇಳುವ ಮೊದಲೇ ಬಿಸಿಲಪ್ಪ ಹೇಳಿದ.

"ಒಳಗೂ ಒಂದ್ಸಲ ನೋಡ್ಬೇಕು, ಫಾರಂನಲ್ಲಿದೆ."

ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ಇಸ್ತ್ರಿಯ ಕಾವಿಗೆ ಅದನ್ನು ಮುಚ್ಚುವಂತಿರಲಿಲ್ಲ. ಮೇಜನ್ನು ತಿರುಗಿಸಲು ಜಾಗವಿರಲಿಲ್ಲ. ಇಂಜಿನಿಯರ್ ಬಾಗಿಲಲ್ಲೇ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತರು. ಅಕ್ಕ ಕಿಟಕಿಗೆ ಮುಖ ಮಾಡಿ ಇಸ್ತ್ರಿ ಓಡಿಸುತ್ತಿದ್ದಳು.

ಇಂಜಿನಿಯರ್ ಅವಳ ಪಕ್ಕಕ್ಕೆ ಬಂದು ಕನ್ನಡಕದ ಸಂದಿಯಿಂದ ನೋಡಿ, "ಅಲ್ಲಮ್ಮ, ನೀವು ಕಣ್ಣು ಮುಚ್ಕೊಂಡು ಇಸ್ತ್ರಿ ಮಾಡ್ತಿದೀರಾ?" ಎಂದರು.

"ಬೆಡ್‌ಶೀಟ್ ಮುಖ ನಾನೇನ್ ನೋಡ್ಬೇಕಾಗಿದೆ? ಕೈಗೇ ಗೊತ್ತಾಗತ್ತೆ" ಅಂದಳು ಅಕ್ಕ.

ಬಿಸಿಲಪ್ಪ ಹತ್ತಿರ ಹೋಗಿ ಅವಳ ಕನ್ನಡಕ ತೆಗೆದ. ರೆಪ್ಪೆಗಳು ಊದಿದ್ದವು. ತೆರೆದ ಕಣ್ಣು ಕೆಂಪಗಿತ್ತು, ಧಾರೆಯಾಗಿ ನೀರು ಸುರಿಯಿತು. ಎರಡು ವರ್ಷ ಪಕ್ಕದಲ್ಲೇ ಇದ್ದು ಇದನ್ನು ನೋಡದ ತಾನು ಎಂಥವನು ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ತೊಂದ್ರೆ ಇದೆ ಅಂತ ಬರ್ಕೊಳ್ಳಿ ಸಾರ್" ಎಂದ.

"ಇವನ ಮಾತು ಬಿಡಿ, ಇಲ್ಲ ಅಂತ ಬರೀರಿ" ಅಂದಳು ಅಕ್ಕ, ಕನ್ನಡಕ ಕಿತ್ತುಕೊಳ್ಳುತ್ತ.

"ಒಂದ್ ಮನೆಗೆ ಒಂದೇ ಹೇಳಿಕೆ. ಮನೆ ಯಜಮಾನ್ರು ಯಾರು?"

ಆ ಮನೆಯ ಯಜಮಾನಿಕೆ ಯಾರದೆಂದು ಬೀದಿಯ ನಾಯಿಗೂ ಗೊತ್ತಿತ್ತು. ಆದರೆ ಹೆಬ್ಬೆಟ್ಟು ಒತ್ತುವುದು, ಸಹಿ ಹಾಕುವುದು ಎಂದರೆ ಅಕ್ಕನಿಗೆ ಆಗದು. ಸಾಲದ್ದಕ್ಕೆ, ತಮ್ಮ ತನ್ನ ಮಾತು ಮೀರಿದವನೇ ಅಲ್ಲ. "ಅವನೇ" ಅಂದಳು.

ಮೂವತ್ತು ವರ್ಷಕ್ಕೆ ಸಿಕ್ಕ ಅಧಿಕಾರವನ್ನು ಬಿಸಿಲಪ್ಪ ತಕ್ಷಣ ಚಲಾಯಿಸಿದ. ಫಾರಂ ಎಳೆದುಕೊಂಡು, ಇದೆ ಎಂಬುದರ ಮುಂದೆ ಗುರುತು ಹಾಕಿ ಸಹಿ ಮಾಡಿದ. ಅಕ್ಕ ಮೂರು ದಿನ ಅವನನ್ನು ಮಾತಾಡಿಸಲಿಲ್ಲ.

ಹಗ್ಗಕ್ಕೆ ಜೋತುಬಿದ್ದ ಜನ ಹದಿನೆಂಟು ದಿನ ಹಾಳೆ ಅಂಟಿಸಿದರು. ಹತ್ತೊಂಬತ್ತನೆಯ ದಿನ ಒಂದೂ ನಲವತ್ತಕ್ಕೆ ಉತ್ತರದಿಂದ ಬಂದದ್ದು ಹೆಸರಿಗಷ್ಟೇ ಬಿಸಿಲು. ಮೂರು ಗಂಟೆಯಾದರೂ ಶೀಟುಗಳು ತಣ್ಣಗೆ ತೂಗುತ್ತಿದ್ದವು.

"ತಾ ಇಲ್ಲಿ" ಅಂದಳು ಅಕ್ಕ. ಹಸಿ ಶೀಟನ್ನೇ ಮೇಜಿಗೆ ಹಾಸಿ ಇಸ್ತ್ರಿ ಒತ್ತಿದಳು. ಕೋಣೆಯೆಲ್ಲ ಹಬೆ. ಒಂದು ಶೀಟಿಗೆ ನಾಲ್ಕು ಶೀಟಿನ ಹೊತ್ತು ಹಿಡಿಯಿತು. "ಕಣ್ಣು ಉಳೀತು. ಈಗ ತೋಳು ಹೋಗತ್ತೆ. ನಿಂಗೆ ಯಾರಪ್ಪ ಹೇಳಿದ್ದು?"

ಒಳ್ಳೆಯದು ಮಾಡಲು ಹೋಗಿ ಎಲ್ಲವನ್ನೂ ಅವಳ ತಲೆಗೇ ಕಟ್ಟಿದೆನಲ್ಲ ಎಂದು ಬಿಸಿಲಪ್ಪನಿಗೆ ಸಂಕಟವಾಯಿತು. ಅಟ್ಟದ ಮೇಲಿದ್ದ ಹಳೆಯ ಇಸ್ತ್ರಿಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಮೇಜಿನ ಆಚೆ ತುದಿಯಲ್ಲಿ ನಿಂತ. ಮೊದಲನೆಯ ದಿಂಬಿನ ಚೀಲ ಸುಟ್ಟ. ಎರಡನೆಯದು ಅರ್ಧ ಸುಟ್ಟಿತು. ವ್ಯಾನು ಐದಕ್ಕೆ ಬಂದು ಆರರವರೆಗೆ ಕಾದು ಹೋಯಿತು. ಮರುವಾರ ಒಂದು ಲಾಡ್ಜು ಮೆಷಿನ್ ಲಾಂಡ್ರಿಯ ಪಾಲಾಯಿತು. ಉಳಿದವರ ಬಟ್ಟೆಗೆ ಇಬ್ಬರ ಕೈ ಸಾಕಾಯಿತು.

ಒಂದು ಮಧ್ಯಾಹ್ನ ಅವನು ತಲೆ ಬಗ್ಗಿಸಿ ಅಂಚಿಗೆ ಅಂಚು ಕೂಡಿಸಿ ಮಡಿಚುತ್ತಿದ್ದ. ಎದುರಿನ ಇಸ್ತ್ರಿಯ ಸದ್ದು ನಿಂತಿತು. ಸೊಟ್ಟಗಾಯಿತೇನೋ ಎಂದು ಅವನು ಮಡಿಕೆ ಬಿಚ್ಚಿದ.

ಅಕ್ಕ ಮಡಿಕೆಯನ್ನು ನೋಡುತ್ತಿರಲಿಲ್ಲ.

"ನಿನ್ ಕೂದಲು ಯಾವಾಗ ಇಷ್ಟು ಬೆಳ್ಳಗಾಗಿದ್ದು?" ಅಂದಳು.

"ಹೋದ್ ವರ್ಷ" ಎಂದ ಬಿಸಿಲಪ್ಪ.