ಸೋಮವಾರದ ಉಪ್ಪಿಟ್ಟು

ಆ ವಾರ್ಡಿನ ಬಾಗಿಲು ನನಗೆ ಹೊಸದಾಗಿರಲಿಲ್ಲ. ಕೋವಿಡ್ ಬಂದ ಮೊದಲ ವರ್ಷ, ಲಸಿಕೆಯ ಸುಳಿವೂ ಇಲ್ಲದಾಗ, ದೊಡ್ಡಪ್ಪನನ್ನು ನಮ್ಮೂರು ಚಚಡಿಯಿಂದ ಬೈಲಹೊಂಗಲದ ದವಾಖಾನೆಗೆ ತಂದು ಇದೇ ಬಾಗಿಲಲ್ಲಿ ಬಿಟ್ಟಿದ್ದೆವು. ಅವನು ನಡೆದುಕೊಂಡೇ ಒಳಗೆ ಹೋದ. ತಿರುಗಿ ಬರಲಿಲ್ಲ. ಈಗ ಅದೇ ಜಡ್ಡು ಹಿಡಿದ, ಎಪ್ಪತ್ತು ದಾಟಿದ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಒಯ್ಯುತ್ತಿದ್ದರು. ಅಂದು ದೊಡ್ಡಪ್ಪನ ತುಟಿಗಿದ್ದ ನೀಲಿ ಬಣ್ಣವೇ ಅಪ್ಪನ ತುಟಿಗೂ ಬಂದಿತ್ತು.

"ಅಜ್ಜಾರಿಗೆ ಲಸಿಕೆ ಆಗೈತೇನ್ರಿ?" ಎಂದು ಡಾಕ್ಟರು ಕೇಳಿದರು.

"ಎರಡೂ ಆಗ್ಯಾವ್ರಿ," ಅವ್ವ ನನಗಿಂತ ಮೊದಲೇ ಹೇಳಿದಳು. "ಎರಡನೇದಕ್ಕ ನಾನೇ ಎಳಕೊಂಡ ಹೋಗಿದ್ನಿ."

ಅದು ನಿಜ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಹಾಗಾಗಿ ಅಪ್ಪನಿಗೆ ಬಿಡುವಿನ ದಿನ ಅದೊಂದೇ, ಮತ್ತು ಅದೇ ಅವನ ಉಪವಾಸದ ದಿನ. ಮೊದಲ ಸೂಜಿಗೆ ಸೋಮವಾರವೇ ಹೋದ. ಒಂದು ಗುಟುಕು ನೀರೂ ಕುಡಿಯದೆ, ಲಸಿಕೆ ಹಾಕುತ್ತಿದ್ದ ಊರ ಶಾಲೆಯ ಮುಂದೆ ಬಿಸಿಲಲ್ಲಿ ಸಾಲು ನಿಂತ. ಚುಚ್ಚಿಸಿಕೊಂಡು ಎದ್ದವನು ಶಾಲೆಯ ಕಟ್ಟೆಯ ಮೇಲೆ ಕುಸಿದ. ಸೂಜಿ ಹಾಕಿಸಿಕೊಂಡು ಬಿದ್ದನಂತೆ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಮರುದಿನ ಲಸಿಕೆಗೆ ಯಾರೂ ಬರಲಿಲ್ಲ. ಊರಿಗಿಂತ ಹೆಚ್ಚಾಗಿ ಅಪ್ಪನೇ ಅದನ್ನು ನಂಬಿದ.

"ಒಂದಕ್ಕೇ ಹಿಂಗಾತು. ಎರಡನೇದು ಬ್ಯಾಡ."

"ಸೂಜಿ ಏನ್ ಮಾಡೈತ್ರಿ? ನಿಮ್ಮನ್ನ ಕೆಡವಿದ್ದು ಖಾಲಿ ಹೊಟ್ಟಿ," ಅಂದಳು ಅವ್ವ. "ಎತ್ತಿಗಿ ಕಾಲುಬಾಯಿ ಬ್ಯಾನಿ ಸೂಜಿ ಹಾಕಸೂ ಮುಂದ ಅದನ್ನೂ ಉಪವಾಸ ಇಡತೀರೇನು?"

"ಎತ್ತಿಗಿ ಎಲ್ಲೀ ಉಪವಾಸ?"

"ಅದಕ್ಕೇ ಅದು ಬೀಳೂದಿಲ್ಲ."

ಕೊನೆಗೆ ಒಂದು ಗುರುವಾರ ಹೊಲದ ಕೆಲಸ ಬಿಡಿಸಿ, ರೊಟ್ಟಿ ಬದನೆಕಾಯಿ ಪಲ್ಯ ತಿನ್ನಿಸಿ ಕರೆದೊಯ್ದಳು. ಅಪ್ಪ ಬೀಳಲಿಲ್ಲ. ಎತ್ತು ಸುಮ್ಮನೆ ನಿಂತವೆಂದು ಮಾತ್ರ ಕತ್ತಲಾಗುವ ತನಕ ಗೊಣಗಿದ.

ಇದೆಲ್ಲ ಡಾಕ್ಟರಿಗೆ ಬೇಕಿರಲಿಲ್ಲ. "ಎರಡೂ ಆಗಿದ್ದು ಚಲೋ ಆತ್ರಿ," ಎಂದರು. "ಹಾಕಿಸಿಕೊಂಡವರಿಗೂ ಜಡ್ಡು ಬರತೈತಿ. ವಯಸ್ಸಾದವರು ದವಾಖಾನಿಗೂ ಬರಬೇಕಾಗತೈತಿ. ಆದ್ರ ವೆಂಟಿಲೇಟರ್ ತನಕ ಹೋಗೂದು ಕಡಿಮಿ. ನಾ ಮಾತು ಕೊಡೂದಿಲ್ಲ. ನೋಡೂಣು."

'ಕಡಿಮಿ' ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ನಾನು ಕಿಟಕಿಯ ಗಾಜಿನ ಹೊರಗೆ ನಿಂತೆ. ಅಪ್ಪನ ಬೆರಳಿಗೆ ಸಿಕ್ಕಿಸಿದ, ಆಕ್ಸಿಜನ್ ಮಟ್ಟ ತೋರಿಸುವ ಯಂತ್ರದ ಅಂಕಿ ಕಾಣುತ್ತಿತ್ತು. ಒಂದು ಮಧ್ಯಾಹ್ನ ಅದು ಇಳಿಯಿತು. ನರ್ಸ್ ಓಡಿ ಬಂದು ಆಕ್ಸಿಜನ್ ಹೆಚ್ಚಿಸಿದಳು. ಇದೇ ಗಾಜಿನಾಚೆ ದೊಡ್ಡಪ್ಪನಿಗೂ ಹೀಗೇ ಆಗಿತ್ತು. ಅಲ್ಲಿಂದ ಮುಂದಿನದೆಲ್ಲ ನನಗೆ ಗೊತ್ತಿತ್ತು: ಅಂಕಿ ಇಳಿಯುತ್ತ ಹೋಗುವುದು, ನಮ್ಮನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡುವುದು. ನಾನು ಕಾಯುತ್ತ ನಿಂತೆ. ಅಂಕಿ ಮತ್ತೆ ಇಳಿಯಲಿಲ್ಲ. ಏರಲೂ ಇಲ್ಲ. ಬಹಳ ಹೊತ್ತು ಹಾಗೇ ನಿಂತಿತ್ತು. ಆಮೇಲಿನ ದಿನಗಳಲ್ಲಿ ಆಕ್ಸಿಜನ್ ಸ್ವಲ್ಪಸ್ವಲ್ಪವೇ ತಗ್ಗಿಸಿದರು.

ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಒಳಗೆ ಬಿಟ್ಟರು. ಉಪ್ಪಿಟ್ಟಿನ ತಾಟು ಬಂತು. ಅಪ್ಪ ಮುಖದ ಮಾಸ್ಕ್ ಸರಿಸಿ ಕೇಳಿದ, "ಇವತ್ತ ಯಾವ ವಾರ?"

"ಸೋಮಾರ," ಅಂದೆ.

"ಹಂಗಾರ ತಗೊಂಡ ಹೋಗ್ರಿ. ನನಗ ಉಪವಾಸ."

ಹಗಲು ಯಾವುದು ರಾತ್ರಿ ಯಾವುದು ಎಂಬ ಎಚ್ಚರವಿಲ್ಲದೆ ಮಲಗಿದ್ದವನು ವಾರ ಕೇಳುತ್ತಿದ್ದ. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಅವ್ವ ಅಳಲಿಲ್ಲ. "ಒಮ್ಮೆ ಬಿದ್ದು ಊರಿಗೆ ಊರನ್ನೇ ಹೆದರಿಸಿದ್ದು ಸಾಲಲಿಲ್ಲೇನ್ರಿ? ದೇವರಿಗೆ ನಾ ಹೇಳಿಕೋತೇನಿ. ಬಾಯಿ ತಗೀರಿ."

ಅಪ್ಪ ಬಾಯಿ ತೆರೆದ. ಅಗಿದು ನುಂಗಿ, ಮುಖ ಕಿವಿಚಿದ. "ಉಪ್ಪೇ ಹಾಕಿಲ್ಲ ಇದಕ್ಕ."

"ರುಚಿ ಗೊತ್ತಾಗಾಕ ಹತ್ತೇತಿ," ಎಂದು ಅವ್ವ ನನ್ನ ಕಡೆ ನೋಡಿದಳು.

ಆಂಬುಲೆನ್ಸಿನ ಸದ್ದು ಕೇಳಿದರೆ ನನಗೆ ಇಂದಿಗೂ ಆ ಕಿಟಕಿಯ ಗಾಜು ಕಣ್ಣ ಮುಂದೆ ಬರುತ್ತದೆ. ಅಂಕಿ ಮತ್ತೆ ಇಳಿಯುತ್ತದೆ. ಗುಣವಾಗಿ ಮನೆಗೆ ಬಂದ ಅಪ್ಪನಿಗೆ ಅದೇನೂ ನೆನಪಿಲ್ಲ. ಹಿರಿಯರಿಗೆ ಮತ್ತೊಂದು ಡೋಸ್ ಕೊಡುತ್ತಾರೆಂದು ಡಂಗುರ ಹೊಡೆದಾಗ ಅವನೇ ಮೊದಲು ಹೊರಟ. ಹೋಗುವಾಗ ಕಟ್ಟೆಯ ಮೇಲೆ ಕುಳಿತಿದ್ದ ತನ್ನ ಓರಗೆಯವರನ್ನು ಎಬ್ಬಿಸಿದ.

"ಬರ್ರೋ. ಸೂಜಿ ಏನೂ ಮಾಡೂದಿಲ್ಲ. ಉಂಡೀರಿಲ್ಲೋ, ಅದನ್ನ ಹೇಳ್ರಿ ಮೊದಲ."