ತನ್ನದೇ ಅಡುಗೆಮನೆ ಕಿಟಕಿಗೆ ಎದುರಾದ ಬೋರ್ಡು

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಬೀದಿಯ ತಿರುವಿನಲ್ಲಿ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತು, ಕತ್ತು ಚಾಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಿದ್ದಾರೆ. ಪಕ್ಕದಲ್ಲಿ ಮಣ್ಣು ಮೆತ್ತಿದ ಹಾರೆ. ಹಾಲಿನ ಗಾಡಿಯವನು ವೇಗ ತಗ್ಗಿಸುತ್ತಾನೆ.

‘ಏನ್ ಕಳ್ಕೊಂಡ್ರಿ ಬೋರ್ಡಕ್ಕ?’

‘ನಿನ್ ಗಾಡಿ ಕಾಣುತ್ತೋ ಇಲ್ವೋ ಅಂತ ನೋಡ್ತಿದೀನಪ್ಪ. ಕಾಣ್ತು, ಹೊರಡು!’

ಆಕೆ ಕಳೆದುಕೊಂಡದ್ದೇನೂ ಇಲ್ಲ. ಶಾಲೆಗೆ ಹೋಗುವ ಮಗುವಿನ ಎತ್ತರಕ್ಕೆ ತನ್ನನ್ನು ಇಳಿಸಿಕೊಂಡಿದ್ದಾರೆ, ಅಷ್ಟೆ. ತಾನು ಈಗಷ್ಟೇ ನೆಟ್ಟ ‘ಮನೆ ಮಾರಾಟಕ್ಕಿದೆ’ ಬೋರ್ಡು ಎದುರಿನಿಂದ ಬರುವ ಗಾಡಿಯನ್ನು ಆ ಮಗುವಿನ ಕಣ್ಣಿಗೆ ಮರೆಮಾಡಿಬಿಟ್ಟರೆ? ಬೋರ್ಡು ನೆಟ್ಟ ಕಡೆಯಲ್ಲೆಲ್ಲ ಹೀಗೆ ಕೂತು ನೋಡದೆ ಬೋರ್ಡಕ್ಕ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ.

ಬ್ರೋಕರುಗಳ ಬೋರ್ಡು ನೆಡುವುದು, ಮನೆ ಮಾರಾಟವಾದ ಮೇಲೆ ಕೀಳುವುದು, ಇದು ಆಕೆಯ ಕಸುಬು. ಬೆಳಗಿನ ಜಾವ ಆರೇಳು ಬೋರ್ಡುಗಳನ್ನು ತಳ್ಳುಗಾಡಿಗೇರಿಸಿ ಹೊರಟರೆ, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಗಾಡಿ ಖಾಲಿ. ಗುಂಡಿ ತೋಡುವುದೇನು ಮಹಾ ಕೆಲಸ ಎಂದುಕೊಂಡರೆ ಕೆಟ್ಟೆವು. ನಗರಸಭೆಯ ನಿಯಮಗಳು ಅಜ್ಜಿಕಥೆಯ ರಾಜಕುಮಾರಿಯ ಷರತ್ತುಗಳಂತೆ: ಮರಕ್ಕೆ ಮೊಳೆ ಹೊಡೆಯಬಾರದು, ದೀಪದ ಕಂಬಕ್ಕೆ ಕಟ್ಟಬಾರದು, ರಸ್ತೆಯಂಚಿಗೆ ಅಂಟಬಾರದು, ತಿರುವಿಗೆ ಅಡ್ಡ ಬರಬಾರದು, ಮನೆಗೊಂದೇ ಬೋರ್ಡು, ಮಾರಾಟವಾದ ವಾರದೊಳಗೆ ಅದೂ ಮಾಯವಾಗಬೇಕು. ಒಂದು ತಪ್ಪಿದರೂ ನಗರಸಭೆಯ ಲಾರಿ ಬಂದು ಬೋರ್ಡನ್ನು ಹೊತ್ತೊಯ್ಯುತ್ತದೆ. ಬೋರ್ಡಕ್ಕನ ಹತ್ತಿರ ಅಳತೆಯ ಟೇಪಿಲ್ಲ. ರಸ್ತೆಯಂಚಿನಿಂದ ಒಂದು ಹಾರೆಯುದ್ದ ಒಳಗೆ, ಎತ್ತರ ತನ್ನ ಗದ್ದ ದಾಟದಂತೆ.

ಮೊದಲು ಆಕೆ ಬೋರ್ಡು ಬರೆಯುವ ಅಂಗಡಿಯಲ್ಲಿ ಬಣ್ಣ ಕಲಸುತ್ತಿದ್ದರು. ನೆಡಲು ಹೋಗುತ್ತಿದ್ದವನು ಸಿಕ್ಕ ಸಿಕ್ಕ ಮರಕ್ಕೆ ಮೊಳೆ ಜಡಿದು ಬರುತ್ತಿದ್ದ. ಬರೆದ ಬೋರ್ಡೆಲ್ಲ ಲಾರಿಯ ಪಾಲು. ‘ಬಣ್ಣ ಒಣಗೋ ಮುಂಚೇನೇ ಹೋಗ್ತಿತ್ತು ನೋಡಿ. ಹೊಟ್ಟೆ ಉರೀತು. ನಂಗೇ ಕೊಡಿ ಹಾರೆ, ಅಂದೆ.’ ಹಾರೆ ಹಿಡಿದ ಅಂಗೈ ಮೊದಲು ಬೊಬ್ಬೆಯೆದ್ದಿತು, ಆಮೇಲೆ ಜಡ್ಡುಗಟ್ಟಿತು. ಗಂಡ ಸರಕಿನ ಲಾರಿಯಲ್ಲಿ ಊರೂರು ಅಲೆದು ವಾರಕ್ಕೊಮ್ಮೆ ಮುಖ ತೋರಿಸುವವರು. ಮನೆಯಲ್ಲಿ ಅತ್ತೆ ಮತ್ತು ಸೈಕಲ್ ಕಲಿತು ನೆಲಕ್ಕೆ ಕಾಲೂರದ ಮಗಳು. ಬೀದಿಯ ಮೂಲೆಯಲ್ಲಿ ಅವರಿರುವ ಪುಟ್ಟ ಬಾಡಿಗೆ ಮನೆಗೆ ಬಂದಾಗ ಮಗಳಿನ್ನೂ ತೆವಳುತ್ತಿದ್ದಳು.

ಮೂರು ವಾರದ ಹಿಂದಿನ ಮಾತು. ಮೊದಲ ಬೋರ್ಡು ನೆಟ್ಟು, ಎರಡನೆಯದನ್ನು ತಿರುಗಿಸಿ, ಹಿಂಬದಿಗೆ ಬ್ರೋಕರು ಸೀಮೆಸುಣ್ಣದಲ್ಲಿ ಬರೆದ ವಿಳಾಸ ಓದುತ್ತಾರೆ. ಓದಿದವರು ಹಾಗೇ ನಿಲ್ಲುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಓದುತ್ತಾರೆ. ಅದೇ ಬೀದಿ. ಅದೇ ಮೂಲೆ. ಬೆಳಿಗ್ಗೆ ತಾನೇ ಬಾಗಿಲೆಳೆದುಕೊಂಡು ಬಂದ ಮನೆ.

ಬರೆಯುವಾಗ ನಂಬರು ತಪ್ಪಿರಬೇಕು ಎಂದು ಬ್ರೋಕರಿಗೆ ಫೋನು ಮಾಡುತ್ತಾರೆ.

‘ತಪ್ಪೇನಿಲ್ಲ ಬೋರ್ಡಕ್ಕ, ಸರಿಯಾಗೇ ಇದೆ,’ ಆ ಕಡೆಯಿಂದ ಆಕಳಿಕೆ. ‘ಒಳಗೆ ಯಾರೋ ಬಾಡಿಗೆಯವ್ರಿದಾರಂತೆ. ಖಾಲಿ ಮಾಡಿಸ್ತಾರೆ ಬಿಡಿ. ನೀವು ನೆಡಿ.’

‘ಆ ಯಾರೋ ನಾನೇ ಸ್ವಾಮಿ.’

ಇಷ್ಟು ವರ್ಷ ಬೋರ್ಡು ಕೊಟ್ಟವರಿಗೆ ಆಕೆಯ ಮನೆ ಯಾವುದೆಂದೇ ಗೊತ್ತಿಲ್ಲ! ಮನೆ ಯಜಮಾನರಿಗೆ ಫೋನು ಹೋದರೆ, ‘ಅಯ್ಯೋ, ಇವತ್ತು ಸಂಜೆ ಬಂದು ಹೇಳೋಣ ಅಂತಿದ್ದೆನಮ್ಮಾ,’ ಎನ್ನುತ್ತಾರೆ. ಮುಳುಗಿದ ಮೇಲೆ ನೀರಿನ ಆಳ ಹೇಳಿದ ಹಾಗೆ. ‘ಗಾಡಿ ಹಿಡ್ಕೊಂಡೇ ನಿಂತಿದ್ದೆ. ಎಷ್ಟು ಜನರ ಮನೆ ಮುಂದೆ ನೆಟ್ಟಿದೀನಿ, ಒಳಗಿರೋರಿಗೆ ಹೇಗಾಗಿರುತ್ತೆ ಅಂತ ಒಂದಿನಾನೂ ಹೊಳೀಲಿಲ್ಲ ನಂಗೆ.’

ಸ್ವಲ್ಪ ಹೊತ್ತಿಗೆ ಬ್ರೋಕರು ತಾವೇ ಫೋನು ಮಾಡಿ, ‘ನಿಮಗ್ಯಾಕೆ ಈ ಸಂಕಟ, ಬೇರೆ ಯಾರಾದ್ರೂ ನೆಡ್ಲಿ’ ಎಂದರು. ಬೋರ್ಡಕ್ಕ ಒಪ್ಪಲಿಲ್ಲ. ಮೊಳೆ ಹಿಡಿದು ಬರುವ ಬೇರೆಯವರ ಕಣ್ಣಿಗೆ ಮೊದಲು ಬೀಳುವುದು ಮನೆ ಮುಂದಿನ ಮರ ಎಂಬುದು ಅವರಿಗೆ ಗೊತ್ತಿತ್ತು.

ಬೋರ್ಡು ಕಂಡ ಅತ್ತೆ ಎದೆಯ ಮೇಲೆ ಕೈಯಿಟ್ಟು ಹೊಸ್ತಿಲಲ್ಲೇ ಕುಸಿದು ಕೂರುತ್ತಾರೆ. ಆದರೆ ಅವರ ನಾಲಿಗೆ ಕುಸಿಯುವುದಿಲ್ಲ.

‘ರಸ್ತೆಗೆ ಅಂಟಿಸಿ ನೆಡೇ! ಮಧ್ಯಾಹ್ನದೊಳಗೆ ಲಾರಿಯವ್ರು ಹೊತ್ಕೊಂಡು ಹೋಗ್ತಾರೆ. ಬೋರ್ಡೂ ಇಲ್ಲ, ನೋಡೋಕೆ ಬರೋರೂ ಇಲ್ಲ.’

‘ಮತ್ತೆ ಬರುತ್ತೆ ಅತ್ತೆ.’

‘ಮತ್ತೆ ಹಾಗೇ ನೆಡು! ನಿನ್ ಹಾರೆ, ನಿನ್ ಗುಂಡಿ, ಕೇಳೋರ್ಯಾರು?’

ಆಸೆಯಾಗಲಿಲ್ಲವೇ ಎಂದರೆ ಬೋರ್ಡಕ್ಕ ಮುಚ್ಚುಮರೆ ಮಾಡುವುದಿಲ್ಲ. ‘ಆಯ್ತು. ಹಾರೆ ಎತ್ತಿ ರಸ್ತೆ ಅಂಚಿಗೇ ಊರಿದ್ದೆ. ಒಂದೇಟು ಹಾಕೂ ಹಾಕ್ದೆ. ಆಮೇಲೆ ಅಭ್ಯಾಸ ನೋಡಿ, ಬೋರ್ಡನ್ನ ಹಾರೆಗೆ ಒರಗ್ಸಿ ಕೂತು ನೋಡ್ದೆ. ತಿರುವೇ ಕಾಣ್ತಿಲ್ಲ. ನನ್ ಮಗಳು ದಿನಾ ಸೈಕಲ್ ತಗೊಂಡು ಹೊರಗೆ ನುಗ್ಗೋದು ಅಲ್ಲಿಂದ್ಲೇ. ಮಧ್ಯಾಹ್ನ ಲಾರಿ ಬರುತ್ತೆ ಸರಿ, ಅವಳು ಶಾಲೆಗೆ ಹೋಗೋದು ಬೆಳಿಗ್ಗೆ ಅಲ್ವಾ?’

ಅಂಚಿನ ಮಣ್ಣನ್ನು ಕಾಲಿನಿಂದ ತುಳಿದು ಮುಚ್ಚಿ, ಹಾರೆಯುದ್ದ ಒಳಗೆ ಬಂದರೆ ಒಂದು ಕಡೆ ನೀರಿನ ಪೈಪು, ಇನ್ನೊಂದು ಕಡೆ ಮರದ ಬೇರು. ನಿಯಮಕ್ಕೂ ನೆಲಕ್ಕೂ ಒಪ್ಪಿಗೆಯಾಗುವ ಜಾಗ ಉಳಿದದ್ದು ಒಂದೇ: ಅಡುಗೆಮನೆಯ ಕಿಟಕಿಯ ನೇರ ಎದುರು. ಬೋರ್ಡಕ್ಕ ಅಲ್ಲೇ ತೋಡಿದರು, ಅಲ್ಲೇ ನೆಟ್ಟರು. ಅತ್ತೆ ಗೊಣಗುತ್ತಾ ಒಳಗೆ ಹೋದರು. ಸಂಜೆ ಮಾತ್ರ ಹೊರಗೆ ಬಂದು, ಸೊಂಟ ಹಿಡಿದುಕೊಂಡು, ತಾವೂ ಕೂತು ನೋಡಿ, ‘ಹೂಂ, ಕಾಣುತ್ತೆ’ ಎಂದು ಎದ್ದುಹೋದರು.

ಈಗ ಒಲೆಯ ಮುಂದೆ ನಿಂತರೆ ಬೀದಿ ಕಾಣುವುದಿಲ್ಲ, ಬೋರ್ಡಿನ ಬೆನ್ನು ಕಾಣುತ್ತದೆ. ಸೀಮೆಸುಣ್ಣದ ವಿಳಾಸ ಇನ್ನೂ ಮಾಸಿಲ್ಲ. ಮನೆ ನೋಡಲು ಬಂದವರು ಗೋಡೆ ತಟ್ಟಿ, ನಲ್ಲಿ ತಿರುಗಿಸಿ ಹೋಗುತ್ತಿದ್ದಾರೆ. ಬೇರೆ ಮನೆಯ ಹುಡುಕಾಟ ನಡೆದಿದೆ. ಸಿಕ್ಕಿದ್ದು ದೂರ, ಹತ್ತಿರದ್ದರ ಬಾಡಿಗೆ ಕೈಗೆಟುಕದು.

ಒಂದು ಸಂಗತಿ ಮಾತ್ರ ಬದಲಾಗಿದೆ. ಈಗ ಯಾವ ಬೋರ್ಡು ಹೊತ್ತು ಹೋದರೂ ಗುಂಡಿ ತೋಡುವ ಮೊದಲು ಬೋರ್ಡಕ್ಕ ಬಾಗಿಲು ತಟ್ಟುತ್ತಾರೆ. ‘ನಿಯಮದಲ್ಲಿ ಇದಿಲ್ಲ. ಆದ್ರೂ ಕೇಳ್ತೀನಿ. ಒಳಗಿರೋರಿಗೆ ಗೊತ್ತಾ ಅಂತ.’

ನಿಮ್ಮ ಆಸೆಯೇನು ಎಂದರೆ ಮನೆ ಉಳಿಯಲಿ ಎನ್ನುತ್ತಾರೆಂದು ಕಾಯಬೇಡಿ. ಆಕೆ ಹಾರೆಯ ಮಣ್ಣು ಒರೆಸುತ್ತಾ ಹೇಳುತ್ತಾರೆ:

‘ಮಾರಾಟ ಆದ್ಮೇಲೆ ಈ ಬೋರ್ಡ್ ಕೀಳೋ ಕೆಲ್ಸ ನಂಗೇ ಕೊಡ್ಬೇಕು ಅಂತ ಬ್ರೋಕರಿಗೆ ಹೇಳಿಟ್ಟಿದೀನಿ. ಅಷ್ಟೊತ್ತಿಗೆ ನಾವೆಲ್ಲಿರ್ತೀವೋ, ಎಲ್ಲಿದ್ರೂ ಬರ್ತೀನಿ. ಕಿತ್ತು, ಗುಂಡಿ ಮುಚ್ಚಿ, ಚೆನ್ನಾಗಿ ತುಳಿದು ಹೋಗ್ತೀನಿ. ಹೊಸಬ್ರ ಮಕ್ಕಳು ಆಡೋ ಜಾಗ ಅದು. ಕಾಲು ಸಿಕ್ಕೊಂಡು ಬೀಳ್ಬಾರ್ದು.’