ಸೀಟಿನ ಮೇಲಿನ ನೀಲಿ ಕರ್ಚೀಫ್

ಕಿಟಕಿ ಪಕ್ಕದ ಸೀಟಿನ ಮೇಲೆ ಯಾರೋ ಹಾಕಿದ್ದ ನೀಲಿ ಕರ್ಚೀಫನ್ನು ಸರಿಸಿ ನಾನು ಕುಳಿತೇಬಿಟ್ಟೆ. ಎದುರಿಗಿದ್ದವರು ಒಮ್ಮೆ ನೋಡಿ ತಮ್ಮ ಮಾತು ಮುಂದುವರಿಸಿದರು. ಹೈದರಾಬಾದಿನ ಬಾಡಿಗೆ ಮನೆ ಬಿಟ್ಟು ವಿಕಾರಾಬಾದಿಗೆ ಬಂದು, ಅಲ್ಲಿಂದಲೇ ದಿನಾ ರೈಲಿನಲ್ಲಿ ಹೈದರಾಬಾದಿನ ಕೆಲಸಕ್ಕೆ ಹೋಗುವ ಯೋಚನೆ ನಮಗಿತ್ತು. "ಮನಿ ಆಮ್ಯಾಲ ನೋಡೋಣು, ಮೊದಲ ನೀವು ಮುಂಜಾನಿ ಗಾಡಿ ಹತ್ತಿ ನೋಡ್ರಿ" ಎಂದು ಹೆಂಡತಿ ಹೇಳಿದ್ದರಿಂದ, ಹಿಂದಿನ ದಿನವೇ ಬಂದು ಪರಿಚಯದವರಲ್ಲಿ ಉಳಿದು ಆ ರೈಲು ಹತ್ತಿದ್ದೆ.

ಶಂಕರಪಲ್ಲಿಯಲ್ಲಿ ಊರುಗೋಲು ಹಿಡಿದ ಹೆಂಗಸೊಬ್ಬರು ಹತ್ತಿ ನೇರವಾಗಿ ನನ್ನ ಬಳಿ ಬಂದು ನಿಂತರು. ಎದುರಿನ ಹಿರಿಯರು ನನ್ನ ಕೈಯಲ್ಲಿದ್ದ ಕನ್ನಡ ಪತ್ರಿಕೆ ನೋಡಿ ಮೆಲ್ಲಗೆ ಹೇಳಿದರು: "ಇದು ಈ ಅಮ್ಮಾರ ಜಾಗಾ ಐತ್ರಿ. ಮೊಣಕಾಲ ನೋವು ಭಾಳ, ಆದ್ರ ನೌಕರಿ ಬಿಡಂಗಿಲ್ಲ. ವಿಕಾರಾಬಾದಿನಾಗ ಯಾರು ಮೊದಲ ಹತ್ತತಾರ, ಅವರು ಕರ್ಚೀಫ್ ಹಾಕತಾರ."

ನಾನು ತಟ್ಟನೆ ಎದ್ದೆ. ಮೊದಲೇ ಹೇಳಬಾರದಿತ್ತೆ ಎಂದು ಕೇಳಿದರೆ ಆ ಹಿರಿಯರು ನಕ್ಕರು. "ಇಲ್ಲೀತನಕ ಖಾಲೀನ ಇರ್ತದಲ್ರಿ. ಕೂಡ್ರಲಿ ಬಿಡು ಅಂತ ಸುಮ್ನಿದ್ವಿ."

ನಾನು ಇಳಿಯಬೇಕಿದ್ದ ಲಿಂಗಂಪಲ್ಲಿಯವರೆಗೆ ನಿಂತೇ ಬಂದೆ. ಬಾಲಾನಗರದ ಕಾರ್ಖಾನೆಯಲ್ಲಿ ಅವತ್ತಿಡೀ ಅದೇ ಮಾತು ತಲೆಯಲ್ಲಿತ್ತು. ಸಂಜೆ ಹೆಂಡತಿ ಎಲ್ಲ ಕೇಳಿ, "ಇಂಥಾ ಮಂದಿ ಇದ್ರ ಮನಿ ಹೆಂಗಿದ್ರೂ ನಡೀತದ" ಎಂದಳು.

ವಿಕಾರಾಬಾದಿಗೆ ಮನೆ ಬದಲಿಸಿದ ಎರಡನೇ ವಾರ ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ರೈಲು ಹತ್ತಿ ಆ ಸೀಟಿನ ಮೇಲೆ ನನ್ನ ಕರ್ಚೀಫ್ ಹಾಕಿದೆ. ನಾನು ಆ ಊರಿನವನಾದದ್ದು ಅವತ್ತು.